ಕಣ್ಣಿಗೆ ಬಂದ ನಂಬರು

ಮಗುವಿನ ದೃಷ್ಟಿ ಮಂದವಾಗಿದೆ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ‘ಕಣ್ಣಿಗೆ ನಂಬರ್ ಬಂದಿದೆ’ ಎನ್ನುತ್ತಾರೆ. ನೆಂಟರು ಬಂದ ಹಾಗೆ ಅದು ಬರುತ್ತದೆ, ಬಂದ ಮೇಲೆ ಏರುತ್ತದೆ, ಹದಿನೆಂಟಕ್ಕೋ ಇಪ್ಪತ್ತಕ್ಕೋ ‘ನಿಲ್ಲುತ್ತದೆ’. ಕ್ಯಾರೆಟ್ ತಿಂದರೆ ಇಳಿಯುತ್ತದೆ ಎಂದು ಅಜ್ಜಿಯಿಂದ ಹಿಡಿದು ಮೊಬೈಲಿನ ವೈದ್ಯರವರೆಗೆ ಎಲ್ಲರೂ ಹೇಳುತ್ತಾರೆ. ಹಾಗೆ ಇಳಿದದ್ದನ್ನು ಕಂಡವರಿಲ್ಲ. ಕಾಯಿಲೆ ಎನ್ನಲು ಮನಸ್ಸಿಲ್ಲ, ಊನ ಎನ್ನಲು ಬಾಯಿ ಬರುವುದಿಲ್ಲ, ಹೆಣ್ಣುಮಗುವಾದರಂತೂ ಪಕ್ಕದ ಮನೆಗೆ ಗೊತ್ತಾಗಬಾರದು. ಇಷ್ಟೆಲ್ಲ ಸಂಕೋಚವನ್ನು ಒಂದು ಇಂಗ್ಲಿಷ್ ಪದದ ತಲೆಗೆ ಕಟ್ಟಿ ನಾವು ನಿಶ್ಚಿಂತರಾಗಿದ್ದೇವೆ.

ಈ ಪದಕ್ಕೆ ಒಂದು ಚಾಳಿ ಇದೆ. ಕಣ್ಣಿನ ವಿಷಯಕ್ಕೆ ಬಂದಾಗ ಅದು ಸದಾ ಏಕವಚನ. ‘ನಂಬರ್ ಎಷ್ಟು?’ ಎಂದು ಕೇಳುತ್ತೇವೆ, ‘ಎರಡೂವರೆ’ ಎಂಬ ಉತ್ತರ ಬರುತ್ತದೆ. ಕಣ್ಣು ಎರಡು, ಉತ್ತರ ಒಂದು. ‘ಎಡಕ್ಕೆಷ್ಟು, ಬಲಕ್ಕೆಷ್ಟು’ ಎಂದು ಕೇಳುವ ರೂಢಿಯೇ ಇಲ್ಲ. ಬಹಳ ಜನಕ್ಕೆ ಇದರಿಂದ ತೊಂದರೆಯಿಲ್ಲ, ಎರಡು ಕಣ್ಣಿನ ನಂಬರೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಆದರೆ ಕೆಲವು ಮಕ್ಕಳಿಗೆ ಬಲಗಣ್ಣು ಸೊನ್ನೆ, ಎಡಗಣ್ಣು ಮೈನಸ್ ನಾಲ್ಕು. ಈ ಮಕ್ಕಳು ಆ ಏಕವಚನದ ಹಿಂದೆ ಅಡಗಿ ಕೂತುಬಿಡುತ್ತಾರೆ, ಕೆಲವೊಮ್ಮೆ ವರ್ಷಗಟ್ಟಲೆ. ಈ ಏಕವಚನ ಎಲ್ಲಿಂದ ಬಂತೆಂದು ಬೆನ್ನು ಹತ್ತಿದರೆ ಲ್ಯಾಟಿನ್, ಮರಾಠಿ, ವಿಜಯನಗರ, ಮಿಲಾನ್ ಎಲ್ಲ ಕಡೆ ಸುತ್ತಬೇಕಾಗುತ್ತದೆ.

ಲ್ಯಾಟಿನ್ನಿನ ‘ನುಮೆರುಸ್’ ಫ್ರೆಂಚಿನಲ್ಲಿ ‘ನೋಂಬ್ರ’ ಆಗಿ, ಇಂಗ್ಲಿಷಿನಲ್ಲಿ ‘ನಂಬರ್’ ಆಯಿತು. ಮೂಲದಲ್ಲಿಲ್ಲದ ಬಕಾರ ನಡುವೆ ನುಸುಳಿದ್ದು ಹೇಗೆ? ಮಕಾರದ ಬೆನ್ನಿಗೇ ರಕಾರ ಬಂದಾಗ ತುಟಿ ಬಿಡಿಸುವ ಹೊತ್ತಿಗೆ ಒಂದು ಬಕಾರ ತಾನಾಗಿ ಹುಟ್ಟಿಕೊಳ್ಳುತ್ತದೆ. ನಮಗೆ ಇದು ಹೊಸತಲ್ಲ. ಸಂಸ್ಕೃತದ ‘ಆಮ್ರ’ ಪ್ರಾಕೃತದಲ್ಲಿ ‘ಅಂಬ’ ಆದದ್ದೂ, ‘ತಾಮ್ರ’ ‘ತಂಬ’ ಆದದ್ದೂ ಇದೇ ತುಟಿಯ ಕೆಲಸ. ಕನ್ನಡಕ್ಕೆ ಬಂದ ಮೇಲೆ ಕೊನೆಗೊಂದು ಉಕಾರ ಅಂಟಿಸಿಕೊಂಡು ‘ನಂಬರು’ ಆಗಿ ಅದು ಕಚೇರಿಗಳಲ್ಲಿ ಠಿಕಾಣಿ ಹೂಡಿತು. ಹೊಲಕ್ಕೆ ಸರ್ವೆ ನಂಬರು, ದಾವೆಗೆ ನಂಬರು, ಪರೀಕ್ಷೆಗೆ ರಿಜಿಸ್ಟರ್ ನಂಬರು, ಬಸ್ಸಿಗೆ ನಂಬರು. ‘ಅಂಕಿ’ ಮತ್ತು ‘ಸಂಖ್ಯೆ’ ಎಣಿಕೆಗೆ ಉಳಿದವು. ಮೇಲಿನವರು ಯಾರೋ ಬರೆದು ಅಂಟಿಸುವ ಗುರುತಿಗೆ ನಂಬರೇ ಗಟ್ಟಿಯಾಯಿತು. ‘ಮಗುವಿನ ಕಣ್ಣಿಗೆ ಸಂಖ್ಯೆ ಬಂದಿದೆ’ ಎಂದು ಒಮ್ಮೆ ಹೇಳಿ ನೋಡಿ, ನಗು ಬರುತ್ತದೆ.

ನಂಬರು ಬರುವ ಮೊದಲು ಕಣ್ಣಿಗೆ ಬರುತ್ತಿದ್ದದ್ದು ಚಾಳೀಸು. ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಈ ಪದ ಇನ್ನೂ ಉಸಿರಾಡುತ್ತಿದೆ. ಚಾಳೀಸು ಏರಿಸಿಕೊಂಡು ಪಂಚಾಂಗ ನೋಡುವ ಅಜ್ಜಂದಿರು ಅಲ್ಲಿದ್ದಾರೆ. ಮರಾಠಿಯಲ್ಲಿ ‘ಚಾಳೀಸ್’ ಎಂದರೆ ನಲವತ್ತು, ‘ಚಾಳಿಶಿ’ ಎಂದರೆ ನಲವತ್ತರ ದೃಷ್ಟಿ, ಅದಕ್ಕೆ ಹಾಕುವ ಕನ್ನಡಕ. ಸಂಸ್ಕೃತದ ‘ಚತ್ವಾರಿಂಶತ್’ ಪ್ರಾಕೃತದ ‘ಚತ್ತಾಲೀಸ’ವನ್ನು ದಾಟಿ ಹಿಂದಿಗೆ ‘ಚಾಲೀಸ್’ ಆಗಿಯೂ ಮರಾಠಿಗೆ ‘ಚಾಳೀಸ್’ ಆಗಿಯೂ ಇಳಿಯಿತು. ನಮ್ಮ ಪದದಲ್ಲಿ ಳಕಾರ ಕೂತಿರುವುದರಿಂದ ಅದು ಯಾವ ಬಾಗಿಲಿನಿಂದ ಒಳಬಂತು ಎಂದು ಬೇರೆ ಹೇಳಬೇಕಿಲ್ಲ. ತಮಿಳಿನಲ್ಲಿ ಇದೇ ನಲವತ್ತು ಈಶ್ವರನನ್ನು ಜೊತೆಗೆ ಕಟ್ಟಿಕೊಂಡು ‘ಸಾಳೇಸ್ವರಂ’ ಆಗಿದೆ. ತೆಲುಗರು ಮರಾಠಿಯ ಹಂಗಿಲ್ಲದೆ ‘ಚತ್ವಾರಂ’ ಎಂದರು. ಮಲಯಾಳಿಗಳಲ್ಲೂ ತಮಿಳರಲ್ಲೂ ‘ವೆಳ್ಳೆಳುತ್ತು’ ಎಂಬ ಇನ್ನೊಂದು ಪದವಿದೆ, ಬಿಳಿಯ ಅಕ್ಷರ ಎಂದರ್ಥ. ವಯಸ್ಸಿನ ಲೆಕ್ಕ ಬಿಟ್ಟು, ಪುಟದ ಮೇಲಿನ ಅಕ್ಷರ ಬೆಳ್ಳಗೆ ಮಾಸುವುದನ್ನೇ ಹೆಸರಾಗಿಸಿದ ಆ ಪದ ನನಗೆ ಉಳಿದೆಲ್ಲಕ್ಕಿಂತ ಇಷ್ಟ.

ಎಲ್ಲ ಪದಗಳೂ ಹೇಳುವುದು ಒಂದನ್ನೇ. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಪೆಡಸಾಗುತ್ತದೆ, ಹತ್ತಿರದ ಅಕ್ಷರಕ್ಕೆ ಹೊಂದಿಕೊಳ್ಳಲಾರದು. ಇದು ಎಲ್ಲರಿಗೂ ಬರುತ್ತದೆ, ಎರಡೂ ಕಣ್ಣಿಗೆ ಜೊತೆಯಲ್ಲಿ ಬರುತ್ತದೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬರುತ್ತದೆ. ವಯಸ್ಸು ಗೊತ್ತಾದರೆ ಗಾಜು ಗೊತ್ತಾಯಿತು. ನಮ್ಮ ಏಕವಚನದ ಬೇರು ಇಲ್ಲಿದೆ ಎಂಬುದು ನನ್ನ ಅಂದಾಜು: ಕನ್ನಡಕ ಎಂಬುದು ಹುಟ್ಟಾ ಮುದುಕರ ವಸ್ತು.

ಕನ್ನಡ ನಾಡಿನ ಮಟ್ಟಿಗೆ ಕನ್ನಡಕದ ಬಹಳ ಹಳೆಯ ಸುದ್ದಿ ಸಿಗುವುದೂ ಹಿರಿಯರೊಬ್ಬರ ಮೂಗಿನ ಮೇಲೇ. ವ್ಯಾಸತೀರ್ಥರ ಚರಿತ್ರೆಯಾದ ‘ವ್ಯಾಸಯೋಗಿಚರಿತ’ದಲ್ಲಿ ಸೋಮನಾಥ ಕವಿ, ಯತಿಗಳು ಕಣ್ಣಿಗೆ ಗಾಜು ಇಟ್ಟುಕೊಂಡು ಗ್ರಂಥ ಓದುವುದನ್ನು ಹೇಳುತ್ತಾನೆ. ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಭಾರತದ ಕನ್ನಡಕದ ಇತಿಹಾಸ ಬರೆಯುವಾಗ ಈ ಉಲ್ಲೇಖವನ್ನು ಎತ್ತಿ ತೋರಿಸಿದರು. ಕಾಲ 1520ರ ಸುಮಾರು. ಪೋರ್ಚುಗೀಸರು ಗೋವೆ ಹಿಡಿದು ಹತ್ತು ವರ್ಷವಾಗಿತ್ತು, ಅವರ ಹಡಗಿನ ಸರಕು ವಿಜಯನಗರದ ಆಸ್ಥಾನಕ್ಕೆ ಬರುತ್ತಿತ್ತು. ವ್ಯಾಸತೀರ್ಥರಿಗೆ ಆಗ ಅರವತ್ತರ ಆಸುಪಾಸು. ಅಪ್ಪಟ ಚಾಳೀಸು.

ಗಾಜು ಬಂದ ಊರಿನಲ್ಲೂ ಲೆಕ್ಕ ವಯಸ್ಸಿನದೇ ಆಗಿತ್ತು. 1466ರಲ್ಲಿ ಮಿಲಾನಿನ ದೊರೆ ಗಲೆಯಾತ್ಸೊ ಮರಿಯಾ ಸ್ಫೋರ್ತ್ಸಾ ಫ್ಲಾರೆನ್ಸಿನಿಂದ 200 ಕನ್ನಡಕ ತರಿಸಿದ. ಪಟ್ಟಿಯಲ್ಲಿ 30, 35, 40 ಎಂದು ಐದೈದು ವರ್ಷದ ಮೆಟ್ಟಿಲು, 70ರವರೆಗೆ. ನಾಲ್ಕು ವರ್ಷ ಮೊದಲು ಅವನ ತಂದೆ ಫ್ರಾಂಚೆಸ್ಕೊ ಮೂರು ಡಜನ್ ತರಿಸಿದ್ದ. ಅದರಲ್ಲಿ ಒಂದು ಡಜನ್ ದೂರದ್ದು ಕಾಣಲು, ಅಂದರೆ ಎಳೆಯರಿಗೆ. ಸಮೀಪದೃಷ್ಟಿಯವರ ಗಾಜು ಆಗಲೇ ಮಾರಾಟಕ್ಕಿತ್ತು ಎಂದಾಯಿತು, ಆದರೆ ಅದೂ ಡಜನ್ ಲೆಕ್ಕ, ಜೋಡಿ ಲೆಕ್ಕ, ಎರಡು ಕಡೆಗೂ ಒಂದೇ ಗಾಜು. 1623ರಲ್ಲಿ ಸೆವಿಲ್ಲಾದ ಬೆನಿಟೊ ದಾಸಾ ದೆ ವಾಲ್ದೇಸ್ ಕನ್ನಡಕದ ಮೇಲೆ ಒಂದು ಪುಸ್ತಕವನ್ನೇ ಬರೆದ. ಸಾಸಿವೆ ಕಾಳುಗಳನ್ನು ಸಾಲಾಗಿಟ್ಟು ಎಣಿಸಲು ಹೇಳಿ ದೃಷ್ಟಿ ಅಳೆಯುವ ಉಪಾಯ ಅದರಲ್ಲಿದೆ. ಅಷ್ಟು ಚುರುಕಿನವನೂ ಗಾಜು ಆರಿಸಲು ಇಷ್ಟು ವಯಸ್ಸಿಗೆ ಇಷ್ಟು ಡಿಗ್ರಿ ಎಂಬ ಕೋಷ್ಟಕ ಕೊಡದೆ ಬಿಡಲಿಲ್ಲ.

ಮುಂದೆ ವಯಸ್ಸು ಬಿಟ್ಟು ಗಾಜಿಗೇ ನಂಬರು ಹಚ್ಚುವ ಪದ್ಧತಿ ಬಂತು. ಆ ನಂಬರು ಇಂಚಿನ ಅಳತೆ. 40 ನಂಬರಿನ ಗಾಜು ಎಂದರೆ ಬೆಳಕನ್ನು 40 ಇಂಚು ಆಚೆ ಕೂಡಿಸುವ ಗಾಜು, ತೀರ ಸೌಮ್ಯ. 10 ನಂಬರಿನದು ಜೋರು, 2 ನಂಬರಿನದು ಗುಂಡುಗಲ್ಲು. ನಂಬರು ಇಳಿದಷ್ಟೂ ಕಣ್ಣು ಕೆಟ್ಟದ್ದು. ಇದರ ಜೊತೆಗೆ ಪ್ಯಾರಿಸ್ಸಿನ ಇಂಚು ಬೇರೆ, ಲಂಡನ್ನಿನ ಇಂಚು ಬೇರೆ. ಒಂದೂರಿನ ಚೀಟಿ ಇನ್ನೊಂದೂರಿನಲ್ಲಿ ನಡೆಯುತ್ತಿರಲಿಲ್ಲ. 1872ರಲ್ಲಿ ಫ್ರಾನ್ಸಿನ ಕಣ್ಣಿನ ವೈದ್ಯ ಫರ್ಡಿನಂಡ್ ಮೊನುವಾಯೆ ಈ ಗೊಂದಲವನ್ನು ಮಗುಚಿ ಹಾಕಿದ. ದೂರವನ್ನು ಮೀಟರಿನಲ್ಲಿ ಹೇಳು, ಆಮೇಲೆ ಅದನ್ನು ಒಂದರ ಕೆಳಗೆ ಭಿನ್ನರಾಶಿಯಾಗಿ ಇಡು. ಒಂದು ಮೀಟರ್ ಆಚೆ ಬೆಳಕು ಕೂಡಿಸುವ ಗಾಜು 1, ಅರ್ಧ ಮೀಟರಿನದು 2, ಕಾಲು ಮೀಟರಿನದು 4. ಈ ಅಳತೆಗೆ ಅವನಿಟ್ಟ ಹೆಸರು ಇಂಗ್ಲಿಷಿನ ಮೂಲಕ ನಮಗೆ ‘ಡಯಾಪ್ಟರ್’ ಆಗಿ ಬಂತು. ಈಗ ನಂಬರು ಏರಿದಷ್ಟೂ ಕಣ್ಣು ಕೆಟ್ಟದ್ದು. ಮೊನುವಾಯೆ ತನ್ನ ಅಕ್ಷರಫಲಕದ ಸಾಲುಗಳಲ್ಲಿ ತನ್ನದೇ ಹೆಸರನ್ನು ಬಚ್ಚಿಟ್ಟಿದ್ದ. ನಮ್ಮ ಅಂಕಿತನಾಮದ ಕವಿಗಳು ಮೆಚ್ಚಬಹುದಾದ ಆಸಾಮಿ.

ಒಂದು ಮೀಟರ್ ಎಂದರೆ 39.37 ಇಂಚು. ಹಳೆಯ 40 ನಂಬರಿನ ಗಾಜೇ ಇಂದಿನ 1 ನಂಬರು ಎಂದಾಯಿತು. ಇದಕ್ಕೂ ಮರಾಠಿಯ ಚಾಳೀಸಿಗೂ ಸಂಬಂಧವಿಲ್ಲ, ಬರಿಯ ಕಾಕತಾಳೀಯ. ಪದಗಳ ಬೆನ್ನು ಹತ್ತಿದವರಿಗೆ ಇಂಥದ್ದು ಸಿಕ್ಕಾಗ ಬಿಟ್ಟುಬಿಡಲು ಮನಸ್ಸಾಗುವುದಿಲ್ಲ, ಅಷ್ಟೆ. ಡಯಾಪ್ಟರ್ ಎಂಬ ಹೆಸರಿನ ಮೂಲವಾದ ‘ಡಯಾಪ್ಟ್ರಾ’ ಮಾತ್ರ ಕಾಕತಾಳೀಯವಲ್ಲ. ಅದು ಗ್ರೀಕರು ನೆಲವನ್ನೂ ನಕ್ಷತ್ರವನ್ನೂ ಅಳೆಯಲು ಬಳಸುತ್ತಿದ್ದ ಉಪಕರಣ, ‘ಮೂಲಕ ನೋಡುವುದು’ ಎಂದು ಅದರ ಅರ್ಥ. ಹೊಲದ ಸರ್ವೆ ನಂಬರಿಗೂ ಕಣ್ಣಿನ ನಂಬರಿಗೂ ಅಷ್ಟು ಹಿಂದೆ ಒಂದು ನಂಟಸ್ತಿಕೆ ಇದೆ.

ಇಂದಿನ ನಂಬರಿನೊಳಗೂ ದೂರವೇ ಅಡಗಿದೆ. ಸಮೀಪದೃಷ್ಟಿಯವರ ನಂಬರಾದರೆ ಅದನ್ನು ಹೊರತೆಗೆಯುವುದು ಮೂರನೆಯ ತರಗತಿಯ ಭಾಗಾಕಾರ. 100ನ್ನು ನಂಬರಿನಿಂದ ಭಾಗಿಸಿದರೆ ಆ ಕಣ್ಣು ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ಕೊನೆಯ ಗಡಿ ಸೆಂಟಿಮೀಟರಿನಲ್ಲಿ ಬರುತ್ತದೆ. ಮೈನಸ್ 1 ಆದರೆ ಒಂದು ಮೀಟರ್. ಮೈನಸ್ 2 ಆದರೆ 50 ಸೆಂಟಿಮೀಟರ್. ಮೈನಸ್ 4 ಆದರೆ 25 ಸೆಂಟಿಮೀಟರ್, ಅದರಾಚೆ ಎಲ್ಲ ಮಂಜು.

ಈಗ ಬಲಗಣ್ಣು ಸೊನ್ನೆ, ಎಡಗಣ್ಣು ಮೈನಸ್ 4 ಇರುವ ಮಗುವನ್ನು ನೆನೆಯಿರಿ. ಕಪ್ಪುಹಲಗೆ ಬಲಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕಾಪಿ ಪುಸ್ತಕ 25 ಸೆಂಟಿಮೀಟರಿನಲ್ಲಿದೆ, ಎಡಗಣ್ಣಿಗೆ ಯಾವ ಶ್ರಮವೂ ಇಲ್ಲದೆ ಕಾಣುತ್ತದೆ. ಒಂದು ಕಣ್ಣು ಹಲಗೆಯ ಗುತ್ತಿಗೆ ಹಿಡಿದಿದೆ, ಇನ್ನೊಂದು ಪುಸ್ತಕದ್ದು. ಮಗು ದೂರುವುದಿಲ್ಲ, ಏಕೆ ದೂರಬೇಕು? ಹುಟ್ಟಿದಾಗಿನಿಂದ ಎರಡು ಕಣ್ಣು ತೆರೆದೇ ಜಗತ್ತನ್ನು ನೋಡಿದೆ, ಜಗತ್ತು ಇರುವುದೇ ಹೀಗೆ ಎಂದು ತಿಳಿದಿದೆ. ಚೆಂಡು ಹಿಡಿಯುವಾಗ ಕೈ ತಪ್ಪಬಹುದು, ಮೆಟ್ಟಿಲಿಳಿಯುವಾಗ ಅಳತೆ ಕೆಡಬಹುದು, ಏಕೆಂದರೆ ಆಳ ತಿಳಿಯಲು ಎರಡು ಕಣ್ಣಿನ ಚಿತ್ರವೂ ಬೇಕು. ಮನೆಯಲ್ಲಿ ಅದಕ್ಕೆ ‘ಕೈಗೆ ಗ್ರಹಚಾರ’ ಎನ್ನುತ್ತೇವೆ.

ಸಮೀಪದೃಷ್ಟಿಯ ಗ್ರೀಕ್ ಹೆಸರು ‘ಮಯೋಪಿಯಾ’ ಈ ಮಗುವಿಗೆ ಹೊಂದುವುದೇ ಇಲ್ಲ. ‘ಮ್ಯುಯೈನ್’ ಎಂದರೆ ಮುಚ್ಚು, ‘ಓಪ್ಸ್’ ಎಂದರೆ ಕಣ್ಣು. ದೂರದ್ದು ನೋಡಲು ಕಣ್ಣು ಕಿರಿದು ಮಾಡುವವನು ಎಂದು ಆ ಹೆಸರಿನ ಚಿತ್ರ. ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ‘ಪ್ರಾಬ್ಲೆಮಾಟಾ’ ಎಂಬ ಪ್ರಶ್ನಮಾಲೆಯಲ್ಲಿ ಇಂಥವರು ರೆಪ್ಪೆ ಕೂಡಿಸಿ ನೋಡುವುದೇಕೆ, ಸಣ್ಣ ಅಕ್ಷರ ಬರೆಯುವುದೇಕೆ ಎಂಬ ಪ್ರಶ್ನೆಗಳಿವೆ. ನಮ್ಮ ತಾಯಂದಿರು ಮೊದಲು ಪತ್ತೆ ಮಾಡುವುದೂ ಇದನ್ನೇ: ‘ಯಾಕೋ ಟೀವಿ ನೋಡುವಾಗ ಕಣ್ಣು ಚಿಕ್ಕದು ಮಾಡ್ತೀಯ?’ ಆದರೆ ಒಂದು ಕಣ್ಣು ಚೆನ್ನಾಗಿರುವ ಮಗು ರೆಪ್ಪೆ ಕಿರಿದು ಮಾಡುವುದಿಲ್ಲ. ಟೀವಿಯ ಹತ್ತಿರ ಹೋಗಿ ಕೂರುವುದೂ ಇಲ್ಲ. ಎರಡು ಸಾವಿರ ವರ್ಷದಿಂದ ಗುರುತಾಗಿ ನಿಂತ ಲಕ್ಷಣ ಇಲ್ಲಿ ಇರುವುದೇ ಇಲ್ಲ.

ಕಣ್ಣಿಗೊಂದು ನಂಬರು ಎಂಬ ತಿಳಿವು ನಿಧಾನವಾಗಿ ಬಂತು, ಬಂದದ್ದು ಎರಡು ಕಣ್ಣೂ ಒಂದೇ ಎಂಬುದನ್ನು ಅನುಮಾನಿಸಿದವರಿಂದ. 1743ರಲ್ಲಿ ಫ್ರಾನ್ಸಿನ ನಿಸರ್ಗ ವಿಜ್ಞಾನಿ ಬ್ಯುಫೋನ್ ಮೆಳ್ಳೆಗಣ್ಣಿನ ಕಾರಣ ಹುಡುಕುತ್ತ, ಎರಡು ಕಣ್ಣಿನ ಬಲ ಅಸಮವಾಗಿದ್ದರೆ ದುರ್ಬಲ ಕಣ್ಣು ಕೆಲಸ ಬಿಟ್ಟು ಓರೆಯಾಗುತ್ತದೆ ಎಂದ. ಬಲವಾದ ಕಣ್ಣನ್ನು ಕೆಲಕಾಲ ಮುಚ್ಚಿ ದುರ್ಬಲ ಕಣ್ಣಿಗೆ ಕೆಲಸ ಹಚ್ಚುವ ಚಿಕಿತ್ಸೆಯನ್ನೂ ಹೇಳಿದ. ಕಾರಣದ ಬಗ್ಗೆ ಅವನ ಮಾತು ಪೂರ್ತಿ ನಿಲ್ಲಲಿಲ್ಲ, ಚಿಕಿತ್ಸೆ ಇಂದಿಗೂ ನಿಂತಿದೆ.

ಇನ್ನೊಬ್ಬ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ. ಗ್ರೀನಿಚ್ಚಿನ ಶೂನ್ಯ ರೇಖಾಂಶವನ್ನು ಗುರುತಿಸಿದ್ದು ಇವನ ದೂರದರ್ಶಕದ ಮೂಲಕ. ಕೇಂಬ್ರಿಜ್‌ನಲ್ಲಿ ತರುಣನಾಗಿದ್ದಾಗ ಅವನಿಗೆ ಒಂದು ದಿನ ಹೊಳೆಯಿತು, ಓದುವಾಗ ತಾನು ಎಡಗಣ್ಣನ್ನು ಬಳಸುತ್ತಲೇ ಇಲ್ಲ. ಗಣಿತಜ್ಞನಾದ್ದರಿಂದ ಅವನು ಡಾಕ್ಟರಿಗಾಗಿ ಕಾಯಲಿಲ್ಲ. ಕಾಗದದ ರಟ್ಟಿಗೆ ಸೂಜಿತೂತು ಮಾಡಿ, ಬೆಳಕಿನ ಬಿಂದುವನ್ನು ಎಡಗಣ್ಣಿನಿಂದ ನೋಡುತ್ತ ಹತ್ತಿರಕ್ಕೂ ದೂರಕ್ಕೂ ಸರಿಸಿದ. ಮೂರೂವರೆ ಇಂಚಿನಲ್ಲಿ ಬಿಂದು ಒಂದು ದಿಕ್ಕಿನ ಗೆರೆಯಾಗಿ ಕಂಡಿತು, ಆರು ಇಂಚಿನಲ್ಲಿ ಅಡ್ಡ ದಿಕ್ಕಿನ ಗೆರೆಯಾಗಿ. ಆ ಕಣ್ಣಿಗೆ ಸಮೀಪದೃಷ್ಟಿಯ ಜೊತೆ ಗುಡ್ಡೆಯ ಬಾಗಿನಲ್ಲೂ ವಕ್ರತೆ ಇತ್ತು. ಲೆಕ್ಕ ಹಾಕಿ, ಎರಡು ಬದಿಗೆ ಎರಡು ಬಗೆಯಲ್ಲಿ ಅರೆದ ಗಾಜನ್ನು ಇಪ್ಸ್‌ವಿಚ್ಚಿನ ಕನ್ನಡಕದವನಿಂದ ಮಾಡಿಸಿಕೊಂಡ. 1825ರಲ್ಲಿ ಅವನು ವರದಿ ಮಾಡಿದ ಆ ಗಾಜು ಅವನ ಎಡಗಣ್ಣಿಗೆಂದೇ ಅರೆದದ್ದು. ವಯಸ್ಸಿನ ಕೋಷ್ಟಕದಲ್ಲಿ ಸಿಗುವಂಥದಲ್ಲ, ಡಜನ್ ಲೆಕ್ಕದ್ದೂ ಅಲ್ಲ. ನಕ್ಷತ್ರ ಅಳೆಯುವ ಹುಡುಗನಿಗೇ ಇಪ್ಪತ್ತು ದಾಟುವವರೆಗೆ ತನ್ನ ಒಂದು ಕಣ್ಣು ಕೆಲಸ ಮಾಡುತ್ತಿಲ್ಲವೆಂದು ಗೊತ್ತಾಗಿರಲಿಲ್ಲ. ನಮ್ಮ ಮೂರನೆಯ ತರಗತಿಯ ಮಗು ತಾನಾಗಿ ಬಂದು ಹೇಳಲಿ ಎಂದು ಕಾಯುವುದು ಯಾವ ನ್ಯಾಯ?

ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಹರ್ಮನ್ ಸ್ನೆಲೆನ್ 1862ರಲ್ಲಿ ಅಕ್ಷರಫಲಕ ಮಾಡಿದ, ಅವನ ಗುರು ಡಾಂಡರ್ಸ್ 1864ರಲ್ಲಿ ಕಣ್ಣಿನ ಅಳತೆಯ ಮಹಾಗ್ರಂಥ ಬರೆದ. ಒಂದೊಂದೇ ಕಣ್ಣು ಮುಚ್ಚಿ ಅಳೆಯುವುದು ಶಾಸ್ತ್ರವಾಯಿತು. ಅಳತೆ ಅಸಮವಾಗಿರುವ ಸ್ಥಿತಿಗೆ ‘ಅನೈಸೊಮೆಟ್ರೋಪಿಯಾ’ ಎಂಬ ಹೆಸರೂ ಬಂತು: ‘ಅನ್’ ಅಲ್ಲ, ‘ಐಸೊ’ ಸಮ, ‘ಮೆಟ್ರಾನ್’ ಅಳತೆ, ‘ಓಪ್ಸ್’ ಕಣ್ಣು. ಆ ಅನ್ ನಮ್ಮ ‘ಅನರ್ಥ’, ‘ಅನಾಚಾರ’ದ ಅನ್ ಜೊತೆ ಒಡಹುಟ್ಟಿದ್ದು, ಮೆಟ್ರಾನ್ ಸಂಸ್ಕೃತದ ‘ಮಾತ್ರಾ’ಕ್ಕೆ ದಾಯಾದಿ. ಎರಡು ಕಣ್ಣಿನ ನಡುವೆ ಒಂದು ಡಯಾಪ್ಟರ್ ಇಲ್ಲವೆ ಅದಕ್ಕಿಂತ ಹೆಚ್ಚು ಅಂತರವಿದ್ದರೆ ಸಾಮಾನ್ಯವಾಗಿ ಈ ಹೆಸರು ಹಿಡಿಯುತ್ತದೆ. ಕನ್ನಡದಲ್ಲಿ ಇದಕ್ಕೆ ಬಳಕೆಯ ಪದವಿಲ್ಲ. ‘ಅಸಮದೃಷ್ಟಿ’ ಎಂದು ಟಂಕಿಸಬಹುದು, ಟಂಕಿಸಿದರೆ ಕೋಶದಲ್ಲಿ ಮಲಗುತ್ತದೆ. ಕನ್ನಡಕದ ಅಂಗಡಿಯವನು ಹೇಳುವುದೇ ಸರಿ: ‘ಎರಡೂ ನಂಬರ್ ಬೇರೆ ಬೇರೆ ಇದೆ ಸಾರ್.’ ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಕಂಡಿಲ್ಲ.

ಬಳಕೆಯಲ್ಲಿರುವ ಬೇರೆ ಪದಗಳೇನೂ ನೆರವಿಗೆ ಬರುವುದಿಲ್ಲ. ಪಠ್ಯಪುಸ್ತಕ ಮಯೋಪಿಯಾವನ್ನು ‘ಸಮೀಪ ದೃಷ್ಟಿದೋಷ’ ಎನ್ನುತ್ತದೆ. ಕೇಳಿದ ಅಪ್ಪ ಅಮ್ಮ ಸಮೀಪದ್ದು ಕಾಣದ ದೋಷ ಎಂದುಕೊಂಡು, ‘ಇಲ್ಲ, ಪುಸ್ತಕ ಚೆನ್ನಾಗಿಯೇ ಓದ್ತಾನೆ’ ಎಂದು ಸಮಾಧಾನಪಡುತ್ತಾರೆ. ಅದಕ್ಕಿಂತ ಅನ್ಯಾಯದ ಪದ ‘ಸೋಮಾರಿ ಕಣ್ಣು’. ಇಂಗ್ಲಿಷಿನಿಂದ ಎತ್ತಿ ತಂದದ್ದು. ಗ್ರೀಕರು ಇದನ್ನು ‘ಅಂಬ್ಲಿಯೋಪಿಯಾ’ ಎಂದಿದ್ದರು, ಮೊಂಡಾದ ನೋಟ ಎಂಬಷ್ಟೇ ಅರ್ಥ, ಬೈಗುಳವಿರಲಿಲ್ಲ. ಕಣ್ಣು ಸೋಮಾರಿಯಾಗಿ ಕೂತದ್ದಲ್ಲ; ಮಸಕು ಚಿತ್ರ ಕಳಿಸುತ್ತಿರುವ ಕಣ್ಣಿನ ಮಾತನ್ನು ಬೆಳೆಯುವ ಮಿದುಳು ಕೇಳುವುದನ್ನು ಬಿಟ್ಟಿದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿ 1960ರ ದಶಕದಲ್ಲಿ ಇದನ್ನು ತೋರಿಸಿದರು, 1981ರಲ್ಲಿ ನೊಬೆಲ್ ಪಡೆದರು. ಎಳವೆಯ ಒಂದು ಅವಧಿ ಕಳೆದ ಮೇಲೆ ಕಣ್ಣು ತೆರೆದರೂ ಮಿದುಳಿನಲ್ಲಿ ಅದರ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿರುತ್ತದೆ.

ಇಲ್ಲಿ ಮೈನಸ್ಸಿಗೂ ಪ್ಲಸ್ಸಿಗೂ ವ್ಯತ್ಯಾಸವಿದೆ, ತಂದೆತಾಯಿಗಳು ತಿಳಿದಿರಬೇಕಾದದ್ದು. ಮೈನಸ್ 4ರ ಕಣ್ಣಿಗೆ 25 ಸೆಂಟಿಮೀಟರಿನಲ್ಲಾದರೂ ಸ್ಪಷ್ಟ ಚಿತ್ರ ಸಿಗುತ್ತಿರುತ್ತದೆ, ಮಿದುಳಿನೊಡನೆ ಅದರ ವ್ಯವಹಾರ ಪೂರ್ತಿ ಕಡಿಯುವುದಿಲ್ಲ. ಅದೇ ಮೈನಸ್ 8 ಆದರೆ ಗಡಿ ಹನ್ನೆರಡೂವರೆ ಸೆಂಟಿಮೀಟರ್. ಅಷ್ಟು ಹತ್ತಿರ ಯಾವ ಮಗುವೂ ಪುಸ್ತಕ ಹಿಡಿಯುವುದಿಲ್ಲ, ಆ ಕಣ್ಣು ಮೊಂಡಾಗುವ ಅಪಾಯ ಹೆಚ್ಚು. ಒಂದು ಕಣ್ಣಿಗೆ ಪ್ಲಸ್ ಹೆಚ್ಚಿದ್ದರಂತೂ ಅದಕ್ಕೆ ಹತ್ತಿರವೂ ಮಸಕು, ದೂರವೂ ಮಸಕು. ಒಂದೂವರೆ ಅಂತರಕ್ಕೇ ತೊಂದರೆ ಶುರುವಾಗಬಹುದು.

ಒಂದೇ ತಲೆಯಲ್ಲಿ, ಒಂದೇ ಮನೆಯ ಊಟ ಉಂಡು, ಒಂದೇ ಪುಸ್ತಕ ಓದುವ ಎರಡು ಕಣ್ಣು ಬೇರೆ ಬೇರೆ ಬೆಳೆಯುವುದಾದರೂ ಹೇಗೆ? ಹುಟ್ಟುವಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಲ್ಲಿ 24ರ ಹತ್ತಿರ. ಈ ಬೆಳವಣಿಗೆಯಲ್ಲಿ ಒಂದು ಮಿಲಿಮೀಟರ್ ಜಾಸ್ತಿಯಾದರೆ ನಂಬರು ಎರಡೂವರೆಯಿಂದ ಮೂರರಷ್ಟು ಮೈನಸ್ ಕಡೆ ಜಾರುತ್ತದೆ. ಅಂದರೆ ಬಲಕ್ಕೂ ಎಡಕ್ಕೂ ನಾಲ್ಕು ನಂಬರಿನ ಅಂತರ ಎಂದರೆ ಉದ್ದದಲ್ಲಿ ಒಂದೂವರೆ ಮಿಲಿಮೀಟರಿನಷ್ಟರ ಮಾತು, ಒಂದು ಅಕ್ಕಿಕಾಳಿನ ದಪ್ಪಕ್ಕಿಂತ ಹೆಚ್ಚಲ್ಲ. 1977ರಲ್ಲಿ ವೀಸೆಲ್ ಮತ್ತು ರವಿಯೋಲ ಕೋತಿಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ನೋಡಿದಾಗ ಆ ಕಣ್ಣೊಂದೇ ಉದ್ದವಾಗಿ ಬೆಳೆದಿತ್ತು. ಮುಂದೆ ಜಾಶ್ ವಾಲ್ಮನ್ ಕೋಳಿಮರಿಗಳಲ್ಲಿ ಇದೇ ದಾರಿ ಹಿಡಿದು, ಎಷ್ಟು ಬೆಳೆಯಬೇಕೆಂಬ ತೀರ್ಮಾನದ ಬಹುಭಾಗ ಪ್ರತಿಯೊಂದು ಕಣ್ಣಿನೊಳಗೇ ಆಗುತ್ತದೆ ಎಂದು ತೋರಿಸಿದ. ಎರಡು ಕಣ್ಣು ಜೋಡಿಯಾಗಿ ಕೆಲಸ ಮಾಡಿದರೂ ಬೆಳೆಯುವುದು ಒಂಟಿಯಾಗಿಯೇ.

ಕನ್ನಡಕದ ಅಂಗಡಿಯ ಗಾಜಿನ ಮೇಜಿನ ಮೇಲೆ ಇಂಥ ಮಗುವಿನ ಚೀಟಿಯನ್ನು ಬಿಚ್ಚಿ ನೋಡಿ. ಎರಡು ಅಡ್ಡಸಾಲು. ಮೇಲಿನದು ‘ಆರ್’, ಬಲಗಣ್ಣು. ಕೆಳಗಿನದು ‘ಎಲ್’, ಎಡಗಣ್ಣು. ಹಳಬರ ಚೀಟಿಯಾದರೆ ‘ಓಡಿ’, ‘ಓಎಸ್’ ಎಂಬ ಲ್ಯಾಟಿನ್ ಗುರುತು. ಮೊದಲ ಕಂಬಸಾಲಿನಲ್ಲಿ ಗೋಳದ ನಂಬರು, ಆಮೇಲೆ ವಕ್ರತೆಯದು, ಆಮೇಲೆ ಅದರ ಕೋನ. ಸಿದ್ಧವಾಗಿ ಬಂದ ಕನ್ನಡಕವನ್ನು ಕೈಯಲ್ಲಿ ಹಿಡಿದರೆ ಒಂದು ಗಾಜಿನ ಅಂಚು ಪತಂಗದ ರೆಕ್ಕೆಯಷ್ಟು ತೆಳು, ಇನ್ನೊಂದರ ಅಂಚು ಫ್ರೇಮಿನಿಂದ ಹೊರಗೆ ಇಣುಕುವಷ್ಟು ದಪ್ಪ. ಮಗು ಅದನ್ನು ಹಾಕಿಕೊಂಡಾಗ ದಪ್ಪ ಗಾಜಿನ ಹಿಂದಿನ ಕಣ್ಣು ಎದುರಿನವರಿಗೆ ಚಿಕ್ಕದಾಗಿ ಕಾಣುತ್ತದೆ. ಮಗುವಿಗೂ ಆ ಗಾಜಿನಲ್ಲಿ ಜಗತ್ತು ತುಸು ಚಿಕ್ಕದು. ಎರಡು ಗಾತ್ರದ ಎರಡು ಚಿತ್ರಗಳನ್ನು ಮಿದುಳು ಹೊಲಿಯಬೇಕು. ದೊಡ್ಡವರಿಗೆ ತಲೆ ತಿರುಗುತ್ತದೆ; ಮಕ್ಕಳು ಬಹುತೇಕ ಕೆಲವೇ ದಿನದಲ್ಲಿ ಒಗ್ಗಿಕೊಳ್ಳುತ್ತಾರೆ. ಒಗ್ಗದಿದ್ದರೆ ಕಾಂಟ್ಯಾಕ್ಟ್ ಲೆನ್ಸಿನ ದಾರಿಯಿದೆ, ಕಣ್ಣಿಗೆ ಅಂಟಿ ಕೂರುವುದರಿಂದ ಗಾತ್ರದ ಜಗಳ ಅಲ್ಲಿ ಕಡಿಮೆ. ‘ಒಂದು ಕಣ್ಣು ಚೆನ್ನಾಗಿದೆಯಲ್ಲ, ಕನ್ನಡಕ ಯಾಕೆ’ ಎಂದು ಮನೆಗೆ ಬಂದವರು ಹೇಳುವ ಮಾತಿಗೆ ಮಾತ್ರ ಕಿವಿಗೊಡಬಾರದು. ಮಗು ದಿನವಿಡೀ ಕನ್ನಡಕ ಹಾಕಬೇಕು. ಮೊಂಡಾದ ಕಣ್ಣು ಎಷ್ಟೋ ಸಲ ಅಷ್ಟರಲ್ಲೇ ಚೇತರಿಸಿಕೊಳ್ಳುತ್ತದೆ. ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ. ಇಲ್ಲವೆ ಅದೇ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದನ್ನು ಮಸಕು ಮಾಡುವುದು. ಮನುಷ್ಯನ ಆಯುಸ್ಸಿನ ದಾರ ಕತ್ತರಿಸುವ ಗ್ರೀಕ್ ದೇವತೆ ಅಟ್ರೊಪಸ್‌ಳ ಹೆಸರು ಆ ಔಷಧಕ್ಕಿದೆ, ನಮ್ಮ ಉಮ್ಮತ್ತಿಯಲ್ಲೂ ಅದೇ ರಸಾಯನವಿದೆ. ಡಾಕ್ಟರು ಹೇಳದೆ ಮುಟ್ಟಬಾರದು ಎನ್ನುವುದಕ್ಕೆ ಹೆಸರೇ ಸಾಕು. ಏಳು ವರ್ಷದೊಳಗೆ ಶುರು ಮಾಡಿದರೆ ಫಲ ಚೆನ್ನ. ಆಮೇಲೆಯೂ ಪ್ರಯತ್ನ ವ್ಯರ್ಥವಲ್ಲ, ಹನ್ನೆರಡರವರೆಗೂ ಸುಧಾರಿಸಿದ ಮಕ್ಕಳಿದ್ದಾರೆ.

ಕಣ್ಣಿನ ಆರೈಕೆ ಎಂದರೆ ನಮ್ಮಲ್ಲಿ ಬಹುಕಾಲ ಪೊರೆಯ ಶಸ್ತ್ರಚಿಕಿತ್ಸೆ ಎಂದೇ ಅರ್ಥವಾಗಿತ್ತು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಮುದುಕರಿಗೆ ಬೆಳಕು ಕೊಟ್ಟರು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಹೆಚ್ಚಿನ ಬಲವೂ ಪೊರೆಗೇ ಹೋಯಿತು, ಹೋಗಬೇಕಾದದ್ದೂ ನ್ಯಾಯವೇ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ಬರುತ್ತಿವೆ, ಮಕ್ಕಳ ಕಣ್ಣನ್ನೂ ನೋಡುತ್ತವೆ. ಆದರೆ ಸಾಲಿನಲ್ಲಿ ನಿಂತ ಮಕ್ಕಳ ಚಮತ್ಕಾರ ನೋಡಿದವರಿಗೇ ಗೊತ್ತು. ಬಲಗಣ್ಣಿನಲ್ಲಿ ಓದಿದ ಫಲಕವನ್ನು ಎಡಗಣ್ಣಿನ ಸರದಿ ಬಂದಾಗ ಬಾಯಿಪಾಠದಿಂದ ಒಪ್ಪಿಸುತ್ತವೆ. ಕಣ್ಣು ಮುಚ್ಚು ಎಂದರೆ ಬೆರಳ ಸಂದಿಯಿಂದ ಇಣುಕುತ್ತವೆ. ಮೋಸವಲ್ಲ, ಪರೀಕ್ಷೆಯಲ್ಲಿ ಪಾಸಾಗಬೇಕೆಂಬ ಹುಮ್ಮಸ್ಸು.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ಮನೆಯಲ್ಲಿ ಐದಾರು ವರ್ಷದ ಮಗುವಿದ್ದರೆ ಈ ವಾರ ಒಂದು ಸಂಜೆ ಗೋಡೆಯ ಕ್ಯಾಲೆಂಡರಿನಿಂದ ಹತ್ತಡಿ ದೂರ ನಿಲ್ಲಿಸಿ, ನಿಮ್ಮ ಅಂಗೈಯಿಂದ, ಬೆರಳುಗಳಿಂದಲ್ಲ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿಸಿ. ಎರಡನೆಯ ಸಲ ಬೇರೆ ತಿಂಗಳ ಹಾಳೆ ತಿರುವಿ. ಓದು ಬಾರದ ಕೂಸಾದರೆ ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಕೈ ತಳ್ಳಿ ಅಳುತ್ತದೆಯೇ ನೋಡಿ. ವ್ಯತ್ಯಾಸ ಕಂಡರೆ ಸೀದಾ ಕಣ್ಣಿನ ಡಾಕ್ಟರ ಬಳಿ ಹೋಗಿ. ಹನಿ ಹಾಕಿ ಪಾಪೆ ಹಿಗ್ಗಿಸಿ ಅಳೆಯುತ್ತಾರೆ, ಮಕ್ಕಳ ಕಣ್ಣನ್ನು ಹಾಗೆಯೇ ಅಳೆಯಬೇಕು, ಅರ್ಧ ದಿನದ ಕೆಲಸ ಬಿಟ್ಟಾದರೂ ಸರಿ. ಚೀಟಿ ಕೈಗೆ ಬಂದಾಗ ನಂಬರ್ ಎಷ್ಟು ಎಂದು ಕೇಳಬೇಡಿ. ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಕೇಳಿ. ನಡುವೆ ಒಂದೋ ಅದಕ್ಕಿಂತ ಹೆಚ್ಚೋ ಅಂತರವಿದ್ದರೆ ಮತ್ತೆ ಯಾವಾಗ ಬರಬೇಕೆಂದು ತಾರೀಕು ಬರೆಸಿಕೊಂಡೇ ಅಲ್ಲಿಂದ ಹೊರಡಿ.